ಚರಂಡಿಗೆ ಬಂದ ತೆರಿಗೆದಾರ

“ಒಡೆಸಿ ಅದನ್ನ” ಎಂದರು ಕೊಡೆ ಹಿಡಿದು ನಿಂತಿದ್ದ ಆಸಾಮಿ.

ನಿನ್ನೆಯಷ್ಟೇ ಎದ್ದ ಚರಂಡಿಯ ಗೋಡೆ. ಕಿರಿಯ ಇಂಜಿನಿಯರಮ್ಮ ಹಲ್ಲು ಕಚ್ಚಿಕೊಂಡು ಕೇಳಿದಳು, “ಒಡೆಸಿ ಅನ್ನೋಕೆ ನೀವ್ಯಾರು ಸಾರ್?”

“ತೆರಿಗೆ ಕಟ್ಟೋನು ಕಣಮ್ಮ. ಈ ಸಿಮೆಂಟು ನನ್ನ ದುಡ್ಡು, ಈ ಮರಳೂ ನನ್ನ ದುಡ್ಡು. ಇದು ಮರಳೋ ಮಣ್ಣೋ, ದೇವರಿಗೇ ಗೊತ್ತು.”

ಅವರು ಕೊಡೆಯ ತುದಿಯಿಂದ ಗೋಡೆಯನ್ನು ಕೆರೆದರು. ಅದು ಒಣ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರಿತು. ಬೀದಿಯ ನಾಲ್ಕಾರು ಮಂದಿ ಕುತ್ತಿಗೆ ಚಾಚಿ ನೋಡಿದರು. ಗೋಡೆ ಕಳಪೆ ಎಂದು ಇಂಜಿನಿಯರಮ್ಮನಿಗೂ ಗೊತ್ತಿತ್ತು. ಬೆಳಿಗ್ಗೆ ಅದನ್ನೇ ಮೆಲ್ಲಗೆ ಹೇಳಿದ್ದಳು. ಗುತ್ತಿಗೆದಾರ “ಆಗಲಿ ಮೇಡಂ, ನೋಡೋಣ” ಎಂದು ಕಿವಿಯ ಮೇಲೇ ಹಾಕಿಕೊಳ್ಳದೆ ಹೋಗಿದ್ದ. ಈಗ ಅದೇ ಗುತ್ತಿಗೆದಾರ, ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು, ಸುತ್ತಿಗೆ ತರಿಸಿದ.

ಇದು ಅವಳ ಮೊದಲ ಕೆಲಸ, ಅದೂ ಇನ್ನೂ ಕಾಯಂ ಆಗದ ಕೆಲಸ. ಕಳೆದ ಮಳೆಗಾಲದಲ್ಲಿ ಈ ಬೀದಿಯ ಶಾಲೆಗೆ ನೀರು ನುಗ್ಗಿ ಮಕ್ಕಳು ಬೆಂಚಿನ ಮೇಲೆ ನಿಂತು ಪಾಠ ಕೇಳಿದ್ದರು. ಶಾಲೆ ತೆರೆಯುವುದರೊಳಗೆ ಚರಂಡಿ ಮುಗಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಹಿರಿಯ ಇಂಜಿನಿಯರು ನಗುನಗುತ್ತಲೇ ಹೇಳಿದ್ದರು. ಅವಳ ಅಮ್ಮನೋ, ಮಗಳು ಸರ್ಕಾರಿ ಇಂಜಿನಿಯರು ಎಂದು ನೆಂಟರಿಷ್ಟರಿಗೆಲ್ಲ ಆಗಲೇ ಸಾರಿಬಿಟ್ಟಿದ್ದಳು. ಇಷ್ಟು ಸಾಲದೆಂದು ಈ ಮನುಷ್ಯ ಬೇರೆ ಗಂಟುಬಿದ್ದರು.

ಕೂಲಿಯವರು ಅವರಿಗೆ ‘ತೆರಿಗೆ ಮಾವ’ ಎಂದು ಹೆಸರಿಟ್ಟರು. ಬೆಳಿಗ್ಗೆ ಇವರು ಬರುವ ಮೊದಲೇ ಊಟದ ಡಬ್ಬಿ ಹಿಡಿದು ಮಾವ ಹಾಜರು. ಕಂಬಿ ತೆಳ್ಳಗಿದ್ದರೆ ಕೂಗು, ಯಾರಾದರೂ ನೆರಳಿಗೆ ಜರುಗಿದರೆ ಕೂಗು. “ನನ್ನ ತೆರಿಗೇಲಿ ನಿದ್ದೆ ಮಾಡ್ತೀಯೇನಪ್ಪ?” ಮಧ್ಯಾಹ್ನ ಮಾತ್ರ ಮರದಡಿ ಕೂತು ಡಬ್ಬಿ ಬಿಚ್ಚಿದರೆಂದರೆ, ಲೋಕವೇ ಮುಳುಗಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಸಂಜೆ ಬೈಗುಳದ ನಡುವೆಯೇ ಗಡಿಯಾರ ನೋಡಿ, ಬಾಯಿಗೆ ಬಂದ ಮಾತನ್ನೂ ನುಂಗಿಕೊಂಡು ಹೊರಟುಬಿಡುತ್ತಿದ್ದರು. ಭಾನುವಾರ ಬೀದಿಗೆಲ್ಲ ನೆಮ್ಮದಿ.

“ಇವರನ್ನ ಓಡಿಸೋಕಾಗಲ್ವಾ?” ಎಂದು ಅವಳು ಗುತ್ತಿಗೆದಾರನನ್ನು ಕೇಳಿದಳು.

“ನೀವಾದ್ರೆ ಇಲಾಖೆಯವರು, ನಿಮ್ಮನ್ನ ಏನೋ ಒಂದು ಹೇಳಿ ಒಪ್ಪಿಸ್ಬಹುದು. ಬೀದೀಲಿ ನಿಂತು ತೆರಿಗೆ ತೆರಿಗೆ ಅಂತ ಬಾಯಿ ಬಡ್ಕೊಳ್ಳೋರಿಗೆ ಏನ್ ಹೇಳೋದು ಮೇಡಂ? ಜನ ಸೇರಿದ್ರೆ ನನ್ನ ಕಥೆ ಮುಗೀತು” ಎಂದು ಅವನು ಹಣೆ ಒರೆಸಿಕೊಂಡ.

ಕೊನೆಗೆ ಅವಳು ಹಿರಿಯ ಇಂಜಿನಿಯರ ಮುಂದೆ ಹೋಗಿ ನಿಂತಳು. “ಸಾರ್, ಆ ಮನುಷ್ಯ ನನ್ನ ಜೀವ ತಿಂತಿದಾರೆ.”

ಹಿರಿಯರು ಕಡತದಿಂದ ತಲೆ ಎತ್ತಲಿಲ್ಲ. “ತೆರಿಗೆ ಕಟ್ಟೋರು, ಕೇಳ್ತಾರೆ. ಕೆಲಸ ಹೇಗೆ ನಡೀತಿದೆ?”

“ಕೆಲಸ... ಚೆನ್ನಾಗೇ ನಡೀತಿದೆ ಸಾರ್.”

“ಹಾಗಾದ್ರೆ ಇರಲಿ ಬಿಡಿ.”

ಒಂದು ಸಂಜೆ ಮಾವ ಅವಳ ಹತ್ತಿರ ಬಂದು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, “ಮೊಮ್ಮಗೂಗೆ ಜ್ವರ ಕಣಮ್ಮ. ನಾಳೆ ಒಂದಿನ ಬರೋಕಾಗಲ್ಲ” ಎಂದರು.

“ರಜೆ ಮಂಜೂರು ಮಾಡಿ ಮೇಡಂ” ಎಂದು ಮೇಸ್ತ್ರಿ ಕಿಸಕ್ಕನೆ ನಕ್ಕ. ಅವಳಿಗೂ ನಗು ಬಂತು.

ಮರುದಿನ ಮಾವನಿಲ್ಲ, ಕೆಲಸವೂ ಇಲ್ಲ. ಕೂಲಿಯವರು ಮರದಡಿ ಕಾಲು ಚಾಚಿದರು. ಗುತ್ತಿಗೆದಾರ ಸಿಳ್ಳೆ ಹಾಕುತ್ತಾ ತೆಳು ಕಂಬಿಯ ಲೋಡು ಇಳಿಸತೊಡಗಿದ. ಶಾಲೆ ತೆರೆಯಲು ದಿನಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಅವಳು ಲೋಡಿನ ಮುಂದೆ ಹೋಗಿ ನಿಂತು, “ವಾಪಸ್ ತುಂಬ್ಸಿ ಅದನ್ನ. ನಾನೂ ತೆರಿಗೆ ಕಟ್ಟೋಳೇ” ಎಂದು ಕೂಗಿಬಿಟ್ಟಳು. ಅವಳ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಕಿಟಕಿ ತೆರೆದರು. ಸಿಳ್ಳೆ ನಿಂತಿತು, ಲೋಡು ಬಂದ ದಾರಿ ಹಿಡಿಯಿತು.

ಅಲ್ಲಿಂದಾಚೆಗೆ ಎರಡು ಬಾಯಿ. ಬೆಳಿಗ್ಗೆ ಮಾವ ಕೂಗಿದರೆ ಮಧ್ಯಾಹ್ನ, ಮಾವನ ಊಟದ ಹೊತ್ತಿಗೆ, ಇವಳು. ಚರಂಡಿ ಓಡೋಡಿ ಮುಗಿಯಿತು. ಶಾಲೆ ತೆರೆದ ವಾರವೇ ಆಕಾಶ ತೂತಾದಂತೆ ಮಳೆ ಸುರಿಯಿತು. ಅವಳು ಎದೆ ಹಿಡಿದುಕೊಂಡು ಗೇಟಿನ ಬಳಿ ನಿಂತಳು. ನೀರು ಶಾಲೆಯತ್ತ ತಿರುಗಿಯೂ ನೋಡದೆ ಚರಂಡಿಗಿಳಿದು ಹೋಯಿತು. ಒಳಗೆ ಮಕ್ಕಳು ನೆಲದ ಮೇಲೇ ನಿಂತು ಮಗ್ಗಿ ಹೇಳುತ್ತಿದ್ದರು. ಖುಷಿಗೆ ಅವಳ ಕಣ್ಣು ತುಂಬಿತು.

ಕೆಲಸ ಕಾಯಂ ಆದ ಆದೇಶವನ್ನು ಹಿರಿಯರು ತಾವೇ ಕರೆದು ಕೈಗಿತ್ತರು.

“ಸಾರ್, ಆ ತೆರಿಗೆ ಮಾವನಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು” ಎಂದಳು ಅವಳು. “ಕೋಪ ಬರ್ತಿತ್ತು, ನಿಜ. ಆದ್ರೆ ಅವರಿಲ್ದಿದ್ರೆ ನನ್ನಿಂದ ಆಗ್ತಿರಲಿಲ್ಲ. ಬೀದಿ ಪೂರ್ತಿ ವಿಚಾರಿಸಿದೆ, ಅವರ ಮನೆ ಎಲ್ಲಿ ಅಂತ ಒಬ್ಬರಿಗೂ ಗೊತ್ತಿಲ್ಲ.”

“ಆ ಬೀದೀಲಿ ಹುಡುಕಿದ್ರೆ ಹೇಗಮ್ಮ ಸಿಗ್ತಾರೆ?” ಎಂದರು ಹಿರಿಯರು. “ಸೋಮವಾರದಿಂದ ಅವರನ್ನ ಸೇತುವೆ ಕೆಲಸಕ್ಕೆ ವರ್ಗ ಮಾಡಿದೀನಲ್ಲ. ಸಂಬಳಕ್ಕೆ ಇಲ್ಲಿಗೇ ಬರ್ತಾರೆ, ತಿಂಗಳ ಕೊನೇಲಿ ಸಿಗಿ.”