ಹಿಂದೆ ಕೂತವರ ಅಭಿಪ್ರಾಯ

ಚಪ್ಪಲಿಯನ್ನು ಕೆಳಗೇ ಬಿಟ್ಟು, ಜೀಪಿನ ಹಿಂಭಾಗಕ್ಕೆ ಹತ್ತಿ, ಸೀಟು ಮಡಚಿಸಿ, ಬರೀ ತಗಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು ಖಂಡೆಪ್ಪ. ಅರವತ್ತು ದಾಟಿದ ಗಿರಾಕಿಯೊಬ್ಬರು ಹೊಸ ಗಾಡಿಯನ್ನು ಹೀಗೆ ಪರೀಕ್ಷಿಸಿದ್ದನ್ನು ಪ್ರೇಮಕುಮಾರ ಎಂಟು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಉಳಿದವರೆಲ್ಲ ಸ್ಟೇರಿಂಗ್ ಹಿಡಿದು ಹಾರ್ನ್ ಒತ್ತುತ್ತಾರೆ. ಇವರು ತಲೆಗೂ ಛಾವಣಿಗೂ ನಡುವೆ ಬೆರಳಿಟ್ಟು ಅಳೆಯುತ್ತಿದ್ದರು.

“ನಾಕ ಬೆರಳ ಜಾಗಾ ಐತಿ. ರುಮಾಲ ಸುತ್ತಿದ್ರ ತಾಗತೈತೇನ ತಮ್ಮಾ?”

“ಇಲ್ರಿ ಯಜಮಾನ್ರ. ಆದ್ರ ಸೀಟ್ ಇದ್ದಾಗ ಕೆಳಗ ಯಾಕ ಕುಂದರ್ತೀರಿ?”

“ನಮ್ಮ ಕಡೆ ಹಿರ್ಯಾರು ಹಿಂಗೇ ಕುಂದರಬೇಕು.”

ಪ್ರೇಮಕುಮಾರ ವಾದಕ್ಕಿಳಿಯಲಿಲ್ಲ. ಬೆಳಗಿನ ಬಸ್ಸಿನಲ್ಲಿ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯ ಈ ಶೋರೂಮಿಗೆ ನಿಂತೇ ಬಂದಿದ್ದ. ಸಂಜೆ ನಿಂತೇ ಹೋಗಬೇಕಿತ್ತು. ಕಂಪನಿಯವರೇ ಆಫ್-ರೋಡ್ ಪ್ಯಾಕೇಜ್ ಜೋಡಿಸಿ ಕಳಿಸಿದ ಈ ಜೀಪು ಒಂಬತ್ತು ತಿಂಗಳಿಂದ ಶೋರೂಮಿನ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ನೆಲ ಬಿಟ್ಟು ಎತ್ತರಕ್ಕೆ ನಿಂತ ಮೈ, ದೊಡ್ಡ ಹಲ್ಲಿನ ಟೈರು, ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಪಕ್ಕದ ಸಣ್ಣ ಕಾರು ಕೊಂಡು ಹೋಗುತ್ತಿದ್ದರು. ಶನಿವಾರದೊಳಗೆ ಜೀಪು ಹೋಗದಿದ್ದರೆ ಪ್ರೇಮಕುಮಾರನೇ ಹೋಗಬೇಕು, ಬೀದರಿನ ಶಾಖೆಗೆ, ಎಂದು ಮ್ಯಾನೇಜರು ಚಹಾ ಕುಡಿಸುತ್ತಲೇ ಹೇಳಿದ್ದರು. ಹೆಂಡತಿ ಕೋಮಲಳದು ಮುದ್ದೇಬಿಹಾಳದಲ್ಲಿ ಶಾಲೆಯ ನೌಕರಿ. ಮದುವೆಯಾಗಿ ಮೂರು ವರ್ಷ ಬೇರೆ ಬೇರೆ ಊರಲ್ಲಿದ್ದು, ಒಂದೇ ಸೂರಿನಡಿ ಬಂದು ಆರು ತಿಂಗಳೂ ಆಗಿರಲಿಲ್ಲ. ಇವತ್ತು ಶುಕ್ರವಾರ.

“ದಿನಾ ಓಡಸೂ ಗಾಡಿ ಏನ್ರಿ?”

“ಹೂಂ, ದಿನದ್ದೇ ಅನ್ನು. ಊರು ದೇವಣಗಾಂವ. ಸಿಂದಗಿ, ಇಂಡಿ, ಬಿಜಾಪುರ ದವಾಖಾನಿಂದ ಮಂದೀನ ಊರಿಗೆ ತರಬೇಕು.”

“ದವಾಖಾನಿಗೆ ಹೋಗೂದೂ ಇದರಾಗೇ?”

“ಹೋಗಾಕ ಬ್ಯಾರೆ ಗಾಡಿ ಅದಾವ. ಬರಾಕ ಇಲ್ಲ.”

ಅದು ನಿಜವೇ. ಫೋನ್ ಮಾಡಿದರೆ ಆಂಬುಲೆನ್ಸ್ ಬಂದು ಒಯ್ಯುತ್ತದೆ. ವಾಪಸು ಬರುವವರು ಬಸ್‌ಸ್ಟ್ಯಾಂಡಿನಲ್ಲಿ ಗಂಟುಗದಡಿ ಹಿಡಿದು ಕೂತಿರುತ್ತಾರೆ. ಮುದುಕರು ಪುಣ್ಯದ ಕೆಲಸಕ್ಕೆ ಇಳಿದಿದ್ದಾರೆ ಅನ್ನಿಸಿತು ಪ್ರೇಮಕುಮಾರನಿಗೆ. ಆದರೆ ಆ ದಾರಿಯೆಲ್ಲ ಡಾಂಬರು. ಅದಕ್ಕೆ ಈ ರಾಕ್ಷಸ ಬೇಕಿಲ್ಲ. ಹಿಂದೊಮ್ಮೆ ಇಂಥದೇ ಒಂದನ್ನು ಗುರಣ್ಣ ಮಾಸ್ತರರಿಗೆ ಹೊಗಳಿ ಮಾರಿದ್ದ. ಅವರ ಮನೆಮಂದಿಗೆಲ್ಲ ಬೆನ್ನುನೋವು ಬಂದು, ಮಾಸ್ತರರು ಈಗಲೂ ಸಿಕ್ಕಲ್ಲಿ ನಿಲ್ಲಿಸಿ ಉಗಿಯುತ್ತಾರೆ. ಸುಳ್ಳು ಹೇಳಲು ಹುರುಪು ಬೇಕು. ಅದು ಅವನಲ್ಲಿ ಬುಧವಾರವೇ ಮುಗಿದಿತ್ತು.

“ಖರೇ ಹೇಳ್ತೇನ್ರಿ ಯಜಮಾನ್ರ. ದಿನದ ಓಡಾಟಕ್ಕ ಇದು ಬ್ಯಾಡ. ಸ್ಪ್ರಿಂಗ್ ಭಾಳ ಬಿರುಸು. ಹಿಂದ ಕುಂತವರ ನಡಾ ಮುರೀತೈತಿ.”

“ಹಿಂದ ಕುಂತವರು ತಕರಾರ ಮಾಡೂದಿಲ್ಲ.”

“ಟೈರಿನ ಸಪ್ಪಳಕ್ಕ ಮಲಗಿದವರು ಎದ್ದ ಕುಂದರ್ತಾರ್ರಿ.”

ಖಂಡೆಪ್ಪ ಮೊದಲ ಸಲ ನಕ್ಕರು. “ಎದ್ರ ಚಲೋನೇ ಆತಲ್ಲೋ.”

“ಜೋರ ಓಡೂದಿಲ್ರಿ. ಎಂಬತ್ತ ದಾಟಿದ್ರ ತೂಗಾಡತೈತಿ.”

“ಯಾರಿಗೇನ ಅವಸರ?”

ಗಾಡಿಯನ್ನು ಇಷ್ಟು ಬೈದರೂ ಕೇಳದ ಗಿರಾಕಿಯನ್ನು ಏನು ಮಾಡುವುದು? ಪ್ರೇಮಕುಮಾರ ಕೀಲಿಕೈ ತೆಗೆದುಕೊಂಡ. ಊರಾಚೆ ಕಾಲುವೆಯ ನೀರು ನುಗ್ಗಿ ಎರೆಭೂಮಿ ರಾಡಿಯಾಗಿದ್ದ ಕಡೆ ಖಂಡೆಪ್ಪನವರೇ ಗಾಡಿ ತಿರುಗಿಸಲು ಹೇಳಿದರು. ಗಾಲಿಗಳು ಒಮ್ಮೆ ಬರಿದೇ ತಿರುಗಿ ಕೆಸರು ಉಗುಳಿದವು. ಪ್ರೇಮಕುಮಾರ ಇನ್ನೊಂದು ಗೇರಿನ ಕೋಲು ಎಳೆದ. ಜೀಪು ಗುರುಗುಟ್ಟುತ್ತ ಕೆಸರು ದಾಟಿ, ಬದು ಹತ್ತಿ, ಹೊಲದ ನಡುವೆ ಹೋಗಿ ನಿಂತಿತು.

ಖಂಡೆಪ್ಪ ಇಳಿದು, ಗಾಲಿಗೆ ಮೆತ್ತಿದ ಕೆಸರನ್ನು ಬೆರಳಿನಿಂದ ಕೆರೆದು ನೋಡಿದರು.

“ಹ್ವಾದ ವರ್ಷ ಶ್ರಾವಣದಾಗ ಅವ್ವನ್ನ ದವಾಖಾನಿಂದ ತಂದ್ವಿ,” ಎಂದರು. “ಊರ ತನಕಾ ಏನೂ ತ್ರಾಸ ಆಗ್ಲಿಲ್ಲ. ಹೊಲಕ್ಕ ಒಯ್ಯೂವಾಗ ಟ್ರ್ಯಾಕ್ಟರ್ ಕೆಸರಾಗ ಹುಗೀತು. ಎರಡ ತಾಸ, ತಮ್ಮಾ. ಸುರಿಯೂ ಮಳ್ಯಾಗ ಅವ್ವ ಹಂಗೇ ಕುಂತಿದ್ಲು.”

ಹೊಲದಲ್ಲಿ ಮನೆ ಕಟ್ಟಿಕೊಂಡವರ ಪಾಡು ಪ್ರೇಮಕುಮಾರನಿಗೆ ಗೊತ್ತಿತ್ತು. “ಅಯ್ಯ ಪಾಪ. ನಿಮ್ಮನ್ನ ಎಷ್ಟ ಬೈದ್ರೋ ಏನೋ.”

“ಒಂದ ಮಾತ ಅನ್ಲಿಲ್ಲ. ಬೈದಿದ್ರ ನನಗ ನಿದ್ದಿ ಬರ್ತಿತ್ತು.” ಅವರು ಗಾಡಿಯ ಹಿಂದಿನ ಬಾಗಿಲು ಪೂರ್ತಿ ತೆರೆದು, ಇಬ್ಬರು ನಿಂತು ಒಬ್ಬರನ್ನು ಇಳಿಸಿಕೊಳ್ಳಲು ಜಾಗ ಸಾಲುತ್ತದೆಯೇ ಎಂದು ನೋಡಿದರು. ಸಾಲುತ್ತಿತ್ತು. “ಇದನ್ನೇ ಕೊಡು. ಅವ್ವಗಾದದ್ದು ಇನ್ನ ಯಾರಿಗೂ ಆಗಬಾರದು.”

ಮೂರು ಗಂಟೆಗೆ ಕಾಗದಗಳಿಗೆ ಸಹಿ ಬಿತ್ತು. ಮ್ಯಾನೇಜರು ಪ್ರೇಮಕುಮಾರನ ಬೆನ್ನು ತಟ್ಟಿ, ಬೀದರಿಗೆ ಬೇರೆಯವರನ್ನು ಹುಡುಕಲು ಒಳಗೆ ಹೋದರು. ಪ್ರೇಮಕುಮಾರ ಕೋಮಲಳಿಗೆ ಫೋನು ಮಾಡಿ, “ಗಂಟ ಕಟ್ಟಬ್ಯಾಡ,” ಎಂದಷ್ಟೇ ಹೇಳಿದ. ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಖುಷಿ ತಡೆಯಲಾಗದೆ ಅವನು, ತನ್ನ ಕಡೆಯಿಂದಲೇ ಪೇಂಟರ್ ನಬಿಲಾಲನನ್ನು ಕರೆಸಿ ಗಾಡಿಯ ಮೇಲೆ ಹೆಸರು ಬರೆಸುತ್ತೇನೆಂದ. “ಏನ ಬರಸೂಣ್ರಿ ಯಜಮಾನ್ರ? ‘ತಾಯಿಯ ಆಶೀರ್ವಾದ’?”

“ಬ್ಯಾಡ,” ಎಂದರು ಖಂಡೆಪ್ಪ. “ದೊಡ್ಡ ಅಕ್ಷರದಾಗ ಬರಸು: ‘ಉಚಿತ ಶವವಾಹನ. ಹೆಣವನ್ನು ಕೂರಿಸಿಯೇ ಒಯ್ದು, ಮಣ್ಣು ಮಾಡುವ ಕುಣಿಯವರೆಗೂ ಮುಟ್ಟಿಸಲಾಗುವುದು.’”