ಯಾರ ತಾಯಿ?

ರಿಹಾಬ್ ಅನ್ನ ತುಂಬಿ ಬೇಯಿಸಲು ಎಳೆಸೌತೆಯಂಥ ಕೂಸಾ ಕಾಯಿಗಳ ತಿರುಳನ್ನು ಕೊರೆದು ತೆಗೆಯುತ್ತಲೇ ತನ್ನ ಪಾತ್ರದ ಮಾತು ಒಪ್ಪಿಸುತ್ತಿದ್ದಳು. ಎದುರಿಗೆ ಅವಳ ತಾಯಿ ಕನ್ನಡಕ ಏರಿಸಿಕೊಂಡು ಟೀವಿಯವರು ಕಳಿಸಿದ ಹಾಳೆ ನೋಡುತ್ತಿದ್ದಳು. ಅಮೆರಿಕದ ಟೀವಿಯಲ್ಲಿ ಹತ್ತೊಂಬತ್ತು ವರ್ಷ ದುಡಿದ ರಿಹಾಬ್‌ಗೆ ಬಾಂಬಿಟ್ಟು ಸತ್ತ ಹುಡುಗನ ತಾಯಿಯ ಪಾತ್ರ ಇದು ಒಂಬತ್ತನೆಯದು.

"ಹೆಣದ ಮುಂದೆ ಕೂಗಿ ಅಳ್ತಾಳೆ ಅಂತಿದೆ. ಏನಂತ ಕೂಗ್ತೀಯೆ?"

"ಅರಬ್ಬೀಲಿ ಏನಾದ್ರೂ ಕೂಗು ಅಂದಿದಾರೆ ಯಮ್ಮಾ."

"ಮಗನ ಹೆಸರೇನು?"

"ಹೆಸರಿಲ್ಲ. ಅವನು 'ಹುಡುಗ', ನಾನು 'ತಾಯಿ'."

"ಯಾರ ತಾಯಿ? ಬೀದಿಯೆಲ್ಲ ನನ್ನ ಉಮ್ಮ್ ಗಸ್ಸಾನ್ ಅಂತಾರೆ, ಗಸ್ಸಾನನ ತಾಯಿ ಅಂತ. ನಿನ್ನ ಏನಂತ ಕರೀಬೇಕು?" ಮುದುಕಿ ಹಾಳೆ ತಿರುವಿದಳು. "ಈ ಮ್ಯಾಕ್ಸ್ ಯಾರು?"

"ಪೊಲೀಸ್ ನಾಯಿ."

"ಭಲೆ! ನಾಯಿಗೆ ಸಿಕ್ಕ ಹೆಸರು ನಿನ್ನ ಮಗನಿಗೆ ಸಿಗಲಿಲ್ವಾ?" ನಕ್ಕವಳು ಕನ್ನಡಕ ತೆಗೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮಣ್ಣ ಗಸ್ಸಾನ್ ತೀರಿಹೋದಾಗ ಮೂರು ದಿನ ನಾನು ಅವನ ಹೆಸರು ಬಿಟ್ಟು ಬೇರೇನೂ ಕೂಗಲಿಲ್ಲ ಕಣೇ."

ಚಾಕು ಕಾಯಿಯ ಸಿಪ್ಪೆ ಸೀಳಿಕೊಂಡು ಆಚೆ ಬಂತು. ರಿಹಾಬ್ ಕೈ ಕೂಡ ತೊಳೆಯದೆ ಎದ್ದು, ಕಾಫಿ ಡಬ್ಬಿಯ ಅಡಿಯಿಂದ ಒಂದು ಲಕೋಟೆ ಎಳೆದಳು. ಇಂಥ ಪಾತ್ರ ಇನ್ನು ಬೇಡವೆಂದು ಏಜೆಂಟನಿಗೆ ಎರಡು ವರ್ಷದ ಹಿಂದೆ ಬರೆದು, ಕೆಲಸವೇ ನಿಂತೀತೆಂದು ಹೆದರಿ ಅಲ್ಲೇ ಇಟ್ಟಿದ್ದ ಪತ್ರ ಅದು.

"ಮತ್ತೆ ಕರೆಯಲ್ಲ ಅವರು," ಎಂದಳು ತಾಯಿ.

"ಕರೆದಿದ್ದಾದರೂ ಯಾವಾಗ ಯಮ್ಮಾ? ನನಗೆ ಹೆಸರೆಲ್ಲಿತ್ತು?"

ಮನೆಯ ಚಪ್ಪಲಿಯಲ್ಲೇ ರಸ್ತೆ ದಾಟಿ, ಮೂಲೆಯ ನೀಲಿ ಅಂಚೆ ಪೆಟ್ಟಿಗೆಯೊಳಗೆ ಪತ್ರ ತಳ್ಳಿ, ಬೀದಿಗೆಲ್ಲ ಕೇಳುವಂತೆ ಮುಚ್ಚಳ ಬಡಿದಳು.