ಹೂತಿಟ್ಟ ಲೋಟಗಳು

"ಅಯ್ಯೋ ಆಯಿ, ಏನ್ ಮಾಡಾಕತ್ತೀರಿ!"

ಪಂಚಶೀಲಾ ಕೂಗಿದ ರಭಸಕ್ಕೆ ತೋಟದೊಡತಿ ಶಿವಕಾಂತಮ್ಮನ ಕೈಲಿದ್ದ ಪ್ಲಾಸ್ಟಿಕ್ ಲೋಟ ಜಾರಿ ಬಾಳೆಯ ಬುಡಕ್ಕೆ ಬಿತ್ತು. ಅದರೊಳಗಿದ್ದ ಹುಳುಗಳನ್ನು ಆಕೆ ಆಗಲೇ ಚೆಲ್ಲಿಯಾಗಿತ್ತು. ಸೆರಗಿನಿಂದ ಒರೆಸುವುದೊಂದೇ ಬಾಕಿ.

"ಎದಿ ಒಡಿಸಿಬಿಟ್ಟೆಲ್ಲೇ ಯವ್ವಾ! ಶನಿವಾರ ಬರಾಕಿ, ಶುಕ್ರವಾರನ ಬಂದೀಯಲ್ಲ? ನಿನ್ನ ಗಿಲಾಸ ತೊಳ್ಯಾಕತ್ತಿದ್ದೆ. ದಿನಾ ತೊಳೀತೀನಿ."

"ದಿನಾ?"

"ಮತ್ತ? ಗಿಲಾಸ ಚಂದಾಗಿ ನೋಡ್ಕೋರಿ ಆಯಿ ಅಂತ ನೀನ ಹೇಳಿದ್ದೆಲ್ಲ. ಸಾಬೂನು ನೀರು ಬ್ಯಾರೆ ಹಾಕಿದ್ದಿ. ತೊಳ್ಯಾಕ ನೆನಿ ಇಟ್ಟಾಳ, ಪಾಪ, ಬಸ್ಸಿಗೆ ಅವಸರ ಮಾಡಿ ಹೋಗ್ಯಾಳ ಅಂದ್ಕೊಂಡೆ."

ಪಂಚಶೀಲಾ ಬದುವಿನ ಮೇಲೆ ಕುಳಿತಳು. ಕಲಬುರಗಿಯ ಗಾಜಿಪುರದಿಂದ ಕಮಲಾಪುರಕ್ಕೆ ಆರು ಶನಿವಾರ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಮನುಷ್ಯರ ಬೇಸಾಯದ ನಡುವೆ ನೆಲದ ಹುಳುಹುಪ್ಪಟೆ ಎಷ್ಟು ಉಳಿದಿವೆ ಎಂಬುದು ಅವಳ ಸಂಶೋಧನೆ. ಹುಳ ಕೊಲ್ಲುವ ಔಷಧ ಕಾಣದ ಕೆಂಪು ಬಾಳೆ ತೋಟದಲ್ಲಿ ನಾಲ್ಕು ಲೋಟ, ಔಷಧ ಹೊಡೆಯುವ ಪಕ್ಕದ ತೊಗರಿ ಹೊಲದಲ್ಲಿ ನಾಲ್ಕು, ಕಂಠದವರೆಗೆ ಹೂತಿದ್ದಳು. ವಾರಕ್ಕೊಮ್ಮೆ ಬಂದು ಒಳಗೆ ಬಿದ್ದ ಹುಳು ಎಣಿಸಬೇಕು. ಎರಡೂ ಕಡೆ ಪ್ರತಿ ವಾರ ಸೊನ್ನೆ! ತೋಟದ ಲೋಟಗಳು ಒಣಗಿದ್ದುದನ್ನು ಕಂಡಾಗಲೆಲ್ಲ ಸಾಬೂನು ನೀರು ಆರಿರಬೇಕು ಎಂದುಕೊಂಡು ಮತ್ತೆ ತುಂಬಿ ಹೋಗುತ್ತಿದ್ದಳು. "ಹೊಲಕ್ಕ ಹೋಗಿದ್ಯೋ, ಊರಾಗಿನ ಜಗತ್ ಸರ್ಕಲ್‌ನಾಗ ಕುಂತು ಬರದ್ಯೋ?" ಎಂದು ಗೈಡ್ ನಾಲ್ಕು ಜನರೆದುರು ಕೇಳಿದ್ದರು. ಅದಕ್ಕೇ ಇವತ್ತು ಒಂದು ದಿನ ಮೊದಲೇ ಓಡಿಬಂದದ್ದು. ಮಳೆಗಾಲ ಮುಗಿಯುತ್ತ ಬಂದಿತ್ತು. ಮತ್ತೆ ಎಣಿಸಬೇಕೆಂದರೆ ಇನ್ನೊಂದು ವರ್ಷ ಕಾಯಬೇಕು.

ಮುದುಕಿಯನ್ನು ಬೈಯಲು ಬಾಯಿ ಬರಲಿಲ್ಲ. ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು.

"ಹುಳ ಬೀಳಲಿ ಅಂತನೇ ಇಟ್ಟಿದ್ದೆರೀ ಆಯಿ" ಎನ್ನುವಷ್ಟರಲ್ಲಿ ಅಳು ಬಂದೇಬಿಟ್ಟಿತು.

"ಹಂಗಂತ ಬಾಯಿ ಬಿಟ್ಟು ಹೇಳಬಾರದೇನ ಹುಚ್ಚಿ!" ಶಿವಕಾಂತಮ್ಮ ಪಕ್ಕದಲ್ಲೇ ಕುಳಿತು ಅವಳ ಬೆನ್ನು ಸವರಿದಳು. "ಅಳಬ್ಯಾಡ ತಗಿ. ಬಾಳಿ ತೋಟದವು ನಾಕೂ ಹಾಳು ಮಾಡೀನಿ, ತಪ್ಪಾತು. ದಿನಾ ಮುಂಜಾನೆ ಕರಿ ಹುಳ, ಜೇಡ, ಗೊದ್ದ, ಚೆಲ್ಲಿ ಚೆಲ್ಲಿ ಸಾಕಾಗ್ಯಾದ. ಆದ್ರ ತೊಗರಿ ಹೊಲದವು ನಾ ಮುಟ್ಟೇ ಇಲ್ಲ."

ಪಂಚಶೀಲಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ಒಮ್ಮೆನೂ ಮುಟ್ಟಿಲ್ಲೇನ್ರಿ?"

"ಯಾಕ ಮುಟ್ಟಲಿ? ದಿನಾ ಹೋಗಿ ಬಗ್ಗಿ ನೋಡೀನಿ, ಒಂದಿನಾನೂ ಹೊಲಸಾಗಿದ್ದಿಲ್ಲ." ಮುದುಕಿಯ ಮುಖ ಹೆಮ್ಮೆಯಿಂದ ಅರಳಿತು. "ನನ್ನ ಮಗ ಶಿವಲಿಂಗ ಆ ಹೊಲ ಅಷ್ಟು ಸ್ವಚ್ಛ ಇಟ್ಟಾನ."